ಕಸದ ಒಲೆಗೂ ಒಣ ಸೌದೆಯೇ ಬೇಕು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನೂರು ದಾಟಿ ಮೆಸೇಜ್ ಬರೋದು ಮೂರೇ ವಿಷಯಕ್ಕೆ: ಪಾರ್ಕಿಂಗ್, ನಾಯಿ, ಕಸ. ಕಳೆದ ತಿಂಗಳು ಕಸದ ಸರದಿ. ಮೂರನೇ ಮಹಡಿಯ ಒಬ್ಬರು ಹೀಗೆ ಬರೆದಿದ್ದರು: "ಈಗ ಬಿಡದಿಯಲ್ಲಿ ಕಸ ಸುಟ್ಟು ಕರೆಂಟ್ ಮಾಡೋ ಪ್ಲಾಂಟ್ ಕಟ್ಟಿದ್ದಾರೆ. ಎಲ್ಲಾ ಒಂದೇ ಬೆಂಕಿಗೆ ಬೀಳೋದಾದ್ರೆ ನಾವ್ಯಾಕೆ ಹಸಿರು ಬಕೆಟ್, ನೀಲಿ ಬಕೆಟ್ ಅಂತ ಒದ್ದಾಡಬೇಕು?"

ಅದಕ್ಕೆ ಬಿದ್ದ ಹೆಬ್ಬೆಟ್ಟುಗಳನ್ನು ನಾನು ಎಣಿಸಲಿಲ್ಲ, ತುಂಬಾ ಇದ್ದವು.

ಪ್ರಶ್ನೆ ಕೇಳಿದವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಬೆಳಗ್ಗೆ ಎಂಟಕ್ಕೆ ಲಾಗಿನ್ ಆಗಬೇಕಾದವರು, ಒಂದು ಕೈಯಲ್ಲಿ ಕಾಫಿ ಹಿಡಿದು ಇನ್ನೊಂದು ಕೈಯಲ್ಲಿ ಹಾಲಿನ ಕವರ್ ತೊಳೆದು ಒಣಗಿಸೋದು ಸಣ್ಣ ಕೆಲಸ ಅಲ್ಲ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ನಮ್ಮಲ್ಲಿ ಕೆಳಗೆ ಪಾರ್ಕಿಂಗ್ ಪಕ್ಕದ ಶೆಡ್ಡಿನಲ್ಲಿ ಇಬ್ಬರು ಹೆಂಗಸರು ಕಸವನ್ನು ಇನ್ನೊಂದು ಸಲ ಬೇರೆ ಮಾಡ್ತಾರೆ. ಅವರಿಬ್ಬರನ್ನು ತೆಗೆದರೆ ಮೇಂಟೆನೆನ್ಸ್ ಎಷ್ಟು ಕಡಿಮೆಯಾಗುತ್ತೆ ಅಂತ ಯಾರೋ ಲೆಕ್ಕ ಹಾಕಿ ಹಾಕಿದರು. ಸಂಜೆ ಹೊತ್ತಿಗೆ ಅದು ಮುಂದಿನ ಸಭೆಯ ಅಜೆಂಡಾದಲ್ಲಿ ನಾಲ್ಕನೇ ಅಂಶವಾಗಿತ್ತು.

ಅದಕ್ಕೇ ನಾನು ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಮಂಡ್ಯದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಎಂಜಿನಿಯರ್. ಕಬ್ಬಿನ ಸಿಪ್ಪೆ ಸುಟ್ಟು ಉಗಿ ಮಾಡಿ, ಆ ಉಗಿಯಲ್ಲಿ ಕರೆಂಟ್ ತೆಗೆಯೋದು ಅವನ ದಿನದ ಕೆಲಸ. "ಕಸ ಸುಡೋ ಪ್ಲಾಂಟೂ ನಮ್ಮದೂ ಅಣ್ಣತಮ್ಮಂದಿರು ಕಣೇ. ಆದ್ರೆ ನಮಗೆ ಬರೋದು ಒಂದೇ ಜಾತಿ ಸೌದೆ, ಅವರಿಗೆ ದಿನಾ ಬೇರೆ ಬೇರೆ" ಅಂದ. ಮುಂದಿನ ವಿಷಯದಲ್ಲಿ ಅರ್ಧ ಅವನು ಹೇಳಿದ್ದು, ಉಳಿದರ್ಧ ಆಮೇಲೆ ನಾನು ಕೂತು ಓದಿದ್ದು.

ಇಂಥ ಘಟಕದ ಗೇಟಿನಲ್ಲಿ ಮೊದಲು ಸಿಗೋದು ವೇಬ್ರಿಡ್ಜ್. ಲಾರಿ ತುಂಬಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಇನ್ನೊಂದು. ದುಡ್ಡಿನ ಲೆಕ್ಕವೆಲ್ಲ ಇಲ್ಲೇ. (ಟನ್ ಲೆಕ್ಕದಲ್ಲಿ ದುಡ್ಡು ಸಿಗೋ ಕಡೆ ನೀರೂ ತೂಗುತ್ತೆ ಅನ್ನೋದು ಗೊತ್ತಿರಲಿ.) ಆಮೇಲೆ ಲಾರಿ ಒಂದು ದೊಡ್ಡ ಮುಚ್ಚಿದ ಹಾಲ್‌ಗೆ ಹೋಗಿ, ಹಿಂದೆ ಹಿಂದೆ ಬಂದು, ಆಳವಾದ ಕಾಂಕ್ರೀಟ್ ಹೊಂಡದೊಳಗೆ ಕಸ ಸುರಿಯುತ್ತೆ. ಈ ಹೊಂಡಕ್ಕೆ ಬಂಕರ್ ಅಂತಾರೆ.

ವಾಸನೆ ಹೊರಗೆ ಬರಬಾರದು ಅಂತ ಇಲ್ಲೊಂದು ಜಾಣತನ ಮಾಡಿರ್ತಾರೆ. ಕುಲುಮೆಯ ಬೆಂಕಿಗೆ ಗಾಳಿ ಬೇಕಲ್ಲ, ಅದನ್ನು ಹೊರಗಿನಿಂದ ಎಳೆಯದೆ ಈ ಹೊಂಡದ ಮೇಲಿಂದಲೇ ಎಳೀತಾರೆ. ಹಾಗಾಗಿ ಗಾಳಿ ಯಾವಾಗಲೂ ಹೊರಗಿನಿಂದ ಒಳಗೆ ಹೋಗುತ್ತೆ, ಒಳಗಿನದು ಹೊರಗೆ ಬರೋಲ್ಲ. ದುರ್ವಾಸನೆಯ ಗಾಳಿ ಬೆಂಕಿಯಲ್ಲೇ ಉರಿದುಹೋಗುತ್ತೆ. ಘಟಕ ರಿಪೇರಿಗೆ ನಿಂತ ದಿನ ಮಾತ್ರ ಈ ಏರ್ಪಾಡೂ ನಿಲ್ಲುತ್ತೆ, ಅವತ್ತು ಸುತ್ತಲಿನವರಿಗೆ ಗೊತ್ತಾಗುತ್ತೆ.

ಬಂಕರಿನ ಮೇಲೆ ಕ್ರೇನ್. ಆರು ಬೆರಳಿನ ದೈತ್ಯ ಕೈ ಥರ ಅದರ ಕೊಕ್ಕೆ. ಕ್ರೇನ್ ನಡೆಸುವವರು ಗಾಜಿನ ಕೋಣೆಯಲ್ಲಿ ಕೂತು ಕಸ ಎತ್ತಿ, ಇನ್ನೊಂದು ಮೂಲೆಗೆ ಸುರಿದು, ಮತ್ತೆ ಎತ್ತಿ ಕಲಸ್ತಾರೆ. ಇಡೀ ಘಟಕದಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಇದು. ಯಾಕಂದ್ರೆ ಇದು ಮನೆ ಅಡುಗೆಯಂಥ ಕೆಲಸ, ಕಣ್ಣಳತೆಯದ್ದು. ಒಂದು ಲಾರಿಯಲ್ಲಿ ಬಂದದ್ದು ಮಾಲ್‌ನ ರಟ್ಟಿನ ಪೆಟ್ಟಿಗೆ, ಪ್ಯಾಕಿಂಗ್ ಶೀಟು, ಆಫೀಸಿನ ಪೇಪರ್ ಕಪ್ಪು. ಇದು ಚುರುಚುರು ಅಂತ ಉರಿಯುವ ಕಸ. ಇನ್ನೊಂದರಲ್ಲಿ ಬಂದದ್ದು ಮನೆಗಳ ಕಸ, ತರಕಾರಿ ಮಾರ್ಕೆಟ್ಟಿನ ಸೊಪ್ಪಿನ ಕಡ್ಡಿ, ಹೋಟೆಲಿನ ಬಾಳೆಎಲೆ; ಇದು ಬೆಂಕಿಯನ್ನೇ ಆರಿಸೋ ಕಸ. ಎರಡನ್ನೂ ಹದವಾಗಿ ಬೆರೆಸದೆ ಹಾಕಿದರೆ ಕುಲುಮೆ ಒಂದು ಗಳಿಗೆ ಧಗಧಗ, ಇನ್ನೊಂದು ಗಳಿಗೆ ಮಂಕು. ಬಾಯ್ಲರಿಗೆ ಅಂಥ ಮೂಡ್ ಸ್ವಿಂಗ್ ಆಗೋದಿಲ್ಲ.

ಕಸ ಹಸಿಯಿರುವ ದೇಶಗಳಲ್ಲಿ, ಉದಾಹರಣೆಗೆ ಚೀನಾದಲ್ಲಿ, ಕಸವನ್ನು ಈ ಹೊಂಡದಲ್ಲೇ ಐದಾರು ದಿನ ಬಿಡ್ತಾರೆ. ತಳದಲ್ಲಿ ಕೊಳೆತ ನೀರು ಇಳಿದು ಹೋಗಲಿ, ಸ್ವಲ್ಪವಾದರೂ ಒಣಗಲಿ ಅಂತ. ಇಳಿದ ಆ ಕಪ್ಪು ನೀರನ್ನು ಸುಮ್ಮನೆ ಚರಂಡಿಗೆ ಬಿಡೋ ಹಾಗಿಲ್ಲ, ಅದನ್ನು ಶುದ್ಧ ಮಾಡೋಕೇ ಬೇರೆ ಘಟಕ ಬೇಕು.

ಆಮೇಲೆ ಕುಲುಮೆ. ಕಸ ಒಂದು ಇಳಿಜಾರಿನಲ್ಲಿ ಜಾರಿ ಕಬ್ಬಿಣದ ಜಾಲರಿಯ ಮೇಲೆ ಬೀಳುತ್ತೆ. ಜಾಲರಿ ಮೆಟ್ಟಿಲು ಮೆಟ್ಟಿಲಾಗಿದ್ದು, ಹಿಂದೆ ಮುಂದೆ ಆಡ್ತಾ ಕಸವನ್ನು ನಿಧಾನಕ್ಕೆ ತಳ್ಳುತ್ತಾ ಹೋಗುತ್ತೆ. ಮೊದಲ ಭಾಗದಲ್ಲಿ ಕಸ ಒಣಗಬೇಕು, ನಡುವಿನಲ್ಲಿ ಉರಿಯಬೇಕು, ಕೊನೆಯಲ್ಲಿ ಪೂರ್ತಿ ಬೂದಿಯಾಗಬೇಕು. ಜಾಲರಿಯ ಕೆಳಗಿಂದ ಗಾಳಿ ಊದ್ತಾರೆ, ಅಜ್ಜಿ ಊದುಕೊಳವೆಯಲ್ಲಿ ಊದ್ತಿದ್ದ ಹಾಗೇ. ಮೇಲಿನಿಂದ ಇನ್ನೊಂದು ಸುತ್ತು ಗಾಳಿ ಕೊಟ್ಟು, ಎದ್ದ ಅನಿಲಗಳನ್ನೂ ಸುಡ್ತಾರೆ. ಯುರೋಪಿನ ನಿಯಮದ ಪ್ರಕಾರ ಆ ಅನಿಲ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 2 ಸೆಕೆಂಡ್ ಇರಲೇಬೇಕು. ಎರಡು ಸೆಕೆಂಡ್ ಅಂದ್ರೆ ನಮಗೆ ರೀಲ್ ಒಂದನ್ನು ಸ್ಕ್ರಾಲ್ ಮಾಡೋ ಹೊತ್ತು. ಅಷ್ಟು ಹೊತ್ತು ಆ ಶಾಖ ಸಿಗದಿದ್ದರೆ ಡಯಾಕ್ಸಿನ್‌ನಂಥ ವಿಷಗಳು ಪೂರ್ತಿ ಒಡೆಯದೆ ಉಳಿದುಬಿಡುತ್ತವೆ.

ಕುಲುಮೆಯ ಗೋಡೆಗಳಲ್ಲೇ ನೀರಿನ ಪೈಪುಗಳಿರುತ್ತವೆ. ನೀರು ಉಗಿಯಾಗುತ್ತೆ, ಉಗಿ ಟರ್ಬೈನ್ ತಿರುಗಿಸುತ್ತೆ, ಟರ್ಬೈನ್ ಜನರೇಟರ್ ತಿರುಗಿಸುತ್ತೆ. ಇದರಲ್ಲಿ ಹೊಸದೇನೂ ಇಲ್ಲ, ಕಲ್ಲಿದ್ದಲಿನ ಘಟಕದಲ್ಲೂ ಇದೇ. ಒಂದೇ ವ್ಯತ್ಯಾಸ, ಇಲ್ಲಿ ಉಗಿಯನ್ನು ಸುಮಾರು 400 ಡಿಗ್ರಿಗಿಂತ ಹೆಚ್ಚು ಕಾಯಿಸೋಕೆ ಹಿಂಜರೀತಾರೆ. ಕಸದಲ್ಲಿ ಉಪ್ಪಿದೆ, ಪಿವಿಸಿ ಪ್ಲಾಸ್ಟಿಕ್ ಇದೆ, ಎರಡರಲ್ಲೂ ಕ್ಲೋರಿನ್ ಇದೆ. ಹೆಚ್ಚು ಬಿಸಿಯಾದರೆ ಆ ಕ್ಲೋರಿನ್ ಪೈಪುಗಳನ್ನೇ ತಿಂದುಹಾಕುತ್ತೆ. ಉಗಿ ತಣ್ಣಗಿದ್ದಷ್ಟೂ ಕರೆಂಟ್ ಕಡಿಮೆ. ಹೀಗಾಗಿ ಕಸದಲ್ಲಿರುವ ಶಾಖದಲ್ಲಿ ಐದನೇ ಒಂದು ಪಾಲೋ, ಒಳ್ಳೆಯ ಘಟಕವಾದರೆ ಕಾಲು ಪಾಲೋ ಕರೆಂಟ್ ಆಗುತ್ತೆ, ಅಷ್ಟೇ.

ಈಗ ಬಿಡದಿಗೆ ಬರೋಣ. ತಟ್ಟೆ ಇಡ್ಲಿಗೆ ಅಂತ ನಾವೆಲ್ಲ ಗಾಡಿ ನಿಲ್ಲಿಸೋ ಅದೇ ಬಿಡದಿ. ಕರ್ನಾಟಕ ವಿದ್ಯುತ್ ನಿಗಮ, ಬಿಬಿಎಂಪಿ ಜೊತೆ ಸೇರಿ ಅಲ್ಲಿ ಕಟ್ಟಿದ ಘಟಕದ ಸಾಮರ್ಥ್ಯ 11.5 ಮೆಗಾವ್ಯಾಟ್, ದಿನಕ್ಕೆ 600 ಟನ್ ಕಸಕ್ಕೆ ಅಂತ ರೂಪಿಸಿದ್ದು. ಬೆಂಗಳೂರಿನಲ್ಲಿ ದಿನಕ್ಕೆ ಹುಟ್ಟೋ ಕಸ ಸುಮಾರು 5,000 ಟನ್. ಅಂದ್ರೆ ಎಂಟರಲ್ಲಿ ಒಂದು ಪಾಲು. "ಎಲ್ಲಾ ಒಂದೇ ಬೆಂಕಿಗೆ" ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ.

ಲೆಕ್ಕ ಮುಂದುವರಿಸೋಣ, ಸುಲಭ ಇದೆ. 11.5 ಮೆಗಾವ್ಯಾಟ್ ಇಡೀ ದಿನ ಓಡಿದರೆ 2,76,000 ಯೂನಿಟ್. ಅದನ್ನು 600 ಟನ್ನಿಗೆ ಹಂಚಿದರೆ ಕಿಲೋಗೆ 0.46 ಯೂನಿಟ್. ನಿಮ್ಮ ಬಾತ್‌ರೂಮಿನ 2 ಕಿಲೋವ್ಯಾಟ್ ಗೀಸರ್ 14 ನಿಮಿಷ ಓಡಿದರೆ ಇಷ್ಟು ಮುಗಿಯುತ್ತೆ. ಒಂದು ಕಿಲೋ ಕಸ, ಒಂದು ಸ್ನಾನ. ಅದೂ ಎಲ್ಲ ಸರಿಯಾಗಿ ನಡೆದರೆ, ಘಟಕ ತನ್ನ ಫ್ಯಾನು ಪಂಪುಗಳಿಗೆ ತಾನೇ ಬಳಸೋ ಕರೆಂಟನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಅಣ್ಣ ಇದೇ ಲೆಕ್ಕವನ್ನು ಉಲ್ಟಾ ಹಾಕಿದ. ಐದನೇ ಒಂದು ಪಾಲು ಶಾಖ ಮಾತ್ರ ಕರೆಂಟ್ ಆಗೋದಾದರೆ, ಇಷ್ಟು ಕರೆಂಟ್ ಬರೋಕೆ ಕಿಲೋ ಕಸದಲ್ಲಿ ಸುಮಾರು 2,000 ಕಿಲೋಕ್ಯಾಲೊರಿ ಇರಬೇಕು. "ನಮ್ಮ ಕಬ್ಬಿನ ಸಿಪ್ಪೇಲೇ ಹೆಚ್ಚೂಕಡಿಮೆ ಅಷ್ಟಿರುತ್ತೆ. ನಿಮ್ಮ ಅಡುಗೆಮನೆ ಕಸದಲ್ಲಿ ಎಷ್ಟಿರುತ್ತೆ ಹೇಳು ನೋಡೋಣ" ಅಂದ.

ನೋಡಿದೆ. ಒಂದು ಕಿಲೋ ಹಸಿ ಕಸ ಅಂದ್ರೆ ಸೋರೆಕಾಯಿ ಸಿಪ್ಪೆ, ಕಲ್ಲಂಗಡಿ ಸಿಪ್ಪೆ, ಮಿಕ್ಕ ಸಾರನ್ನ, ಟೀ ಗಸಿ. ಇದರಲ್ಲಿ ಮುಕ್ಕಾಲು ಕಿಲೋ ಬರೀ ನೀರು. ನೀರನ್ನು ಕಾಯಿಸಿ ಆವಿ ಮಾಡೋಕೆ ಕಿಲೋಗೆ 600 ಕಿಲೋಕ್ಯಾಲೊರಿ ಮೇಲೆ ಬೇಕು. ಮುಕ್ಕಾಲು ಕಿಲೋಗೆ 450. ಉಳಿದ ಕಾಲು ಕಿಲೋ ಒಣ ಪದಾರ್ಥ ಉರಿದು ಕೊಡೋದು ಸುಮಾರು 1,000. ಕಳೆದರೆ ಕೈಗೆ ಸಿಗೋದು 550. ಇಂಥ ಕಸ ಸುಡುವ ಘಟಕಗಳಿಗೆ ವಿಶ್ವಬ್ಯಾಂಕಿನ ಮಾರ್ಗದರ್ಶಿಯೊಂದು ಹೇಳೋದು, ಕಸದ ಶಾಖ ಯಾವ ಕಾಲದಲ್ಲೂ ಕಿಲೋಗೆ 6 ಮೆಗಾಜೌಲ್‌ಗಿಂತ, ಅಂದ್ರೆ ಸುಮಾರು 1,430 ಕಿಲೋಕ್ಯಾಲೊರಿಗಿಂತ ಕೆಳಗೆ ಇಳೀಬಾರದು ಅಂತ. ನಮ್ಮ ಸಾರನ್ನ ಅದರ ಅರ್ಧಕ್ಕೂ ಬರಲ್ಲ. ಅದು ಸೌದೆಯಲ್ಲ, ಬೆಂಕಿಗೆ ಸುರಿದ ನೀರು.

ಹಳ್ಳಿಯಲ್ಲಿ ಬಚ್ಚಲ ಹಂಡೆಯ ಒಲೆಗೆ ಸೌದೆ ಹಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನ ಮಟ್ಟೆಯನ್ನು ಬೇಸಿಗೆಯಲ್ಲೇ ಒಣಗಿಸಿ ಅಟ್ಟಕ್ಕೇರಿಸೋದು ಯಾಕೆ? ಮಳೆಗಾಲದಲ್ಲಿ ಒದ್ದೆ ಮಟ್ಟೆ ತುರುಕಿದರೆ ಮನೆ ತುಂಬಾ ಹೊಗೆ, ನೀರು ಮಾತ್ರ ಉಗುರುಬೆಚ್ಚಗೂ ಇಲ್ಲ. ಕೋಟಿಗಟ್ಟಲೆ ಸುರಿದು ಕಟ್ಟಿದ ಕುಲುಮೆಗೂ ಇದೇ ಕಾನೂನು.

ಈ ಕಾನೂನು ಮರೆತದ್ದಕ್ಕೆ ನಮ್ಮ ದೇಶ ಒಂದು ಸಲ ದಂಡ ಕಟ್ಟಿದೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಲ್ಲಿ ಒಂದು ಘಟಕ ಕಟ್ಟಿದರು. ದಿನಕ್ಕೆ 300 ಟನ್ ಕಸ, 3.75 ಮೆಗಾವ್ಯಾಟ್ ಕರೆಂಟ್ ಅನ್ನೋ ಲೆಕ್ಕ. ಕೆಲವೇ ವಾರ ಓಡಿ ನಿಂತುಹೋಯಿತು. ಯಂತ್ರದಲ್ಲಿ ಇಟ್ಟುಕೊಂಡ ಲೆಕ್ಕಕ್ಕೂ ದೆಹಲಿಯ ಕಸದಲ್ಲಿದ್ದ ಶಾಖಕ್ಕೂ ತಾಳೆಯಾಗಲಿಲ್ಲ. ಅಲ್ಲಿನವರ ಕಸದಲ್ಲಿ ರಟ್ಟು, ಪ್ಲಾಸ್ಟಿಕ್ ಹೆಚ್ಚು. ನಮ್ಮಲ್ಲಿ ಆ ರಟ್ಟು, ಪ್ಲಾಸ್ಟಿಕ್ ಮೊದಲೇ ಗುಜರಿಗೆ ಹೋಗಿರುತ್ತೆ, ಉಳಿಯೋದು ಸಿಪ್ಪೆ ಮತ್ತು ಬೀದಿ ಗುಡಿಸಿದ ಮಣ್ಣು. ಮಣ್ಣು ಉರಿಯುತ್ತಾ?

ಡೆನ್ಮಾರ್ಕ್ ಅಂದಕೂಡಲೇ ನಮ್ಮ ಗ್ರೂಪಿನಲ್ಲೂ ಆ ಫೋಟೊ ಬಂತು. ಕೋಪನ್‌ಹೇಗನ್ನಿನ ಅಮಾಗರ್ ಬಾಕೆ, ಕಸ ಸುಡುವ ಘಟಕದ ಛಾವಣಿ ಮೇಲೆ ಜನ ಸ್ಕೀ ಆಡೋದು. ನಿಜ, ಘಟಕ 2017ರಿಂದ ನಡೀತಿದೆ, ಗಂಟೆಗೆ 35 ಟನ್ ಸುಡುವ ಎರಡು ಕುಲುಮೆಗಳಿವೆ, ನೋಡೋಕೂ ಚೆಂದ. ಆದರೆ ಫೋಟೊದಲ್ಲಿ ಕಾಣದ್ದು ಒಂದಿದೆ: ನೆಲದ ಕೆಳಗಿನ ಬಿಸಿನೀರಿನ ಪೈಪು. ಕರೆಂಟ್ ತೆಗೆದ ಮೇಲೆ ಉಳಿಯುವ ಶಾಖವನ್ನು ಅವರು ಆ ಪೈಪುಗಳಲ್ಲಿ ಊರಿನ ಮನೆಮನೆಗೆ ಕಳಿಸ್ತಾರೆ, ಚಳಿಗಾಲದಲ್ಲಿ ಮನೆ ಬೆಚ್ಚಗಿರೋದು ಅದರಿಂದ. ಐದರಲ್ಲಿ ನಾಲ್ಕು ಪಾಲು ಶಾಖ ನಮ್ಮಲ್ಲಿ ಗಾಳಿಗೆ ಹೋದರೆ ಅವರಲ್ಲಿ ಅದಕ್ಕೂ ಗಿರಾಕಿ ಇದ್ದಾರೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಯಾರ ಮನೆಗೆ ಬಿಸಿ ಪೈಪ್ ಬೇಕು ಹೇಳಿ? ಇನ್ನೊಂದು ಮಾತು. ಡೆನ್ಮಾರ್ಕ್, ಸ್ವೀಡನ್‌ಗಳು ಕುಲುಮೆ ಹೊಟ್ಟೆ ತುಂಬಿಸೋಕೆ ಹೊರದೇಶಗಳಿಂದ ಕಸ ತರಿಸಿಕೊಂಡಿವೆ. ಒಮ್ಮೆ ಕಟ್ಟಿದ ಮೇಲೆ ಕುಲುಮೆಗೆ ದಿನಾ ಊಟ ಬೇಕೇ ಬೇಕು.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. 2015ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಇಂಥ ಕರೆಂಟಿಗೆ ಹಾಕಿದ ದರ ಯೂನಿಟ್‌ಗೆ 7.04 ರೂಪಾಯಿ. ಎರಡು ವರ್ಷದ ನಂತರ ಸೋಲಾರ್ ಕರೆಂಟ್ 3 ರೂಪಾಯಿಗಿಂತ ಕೆಳಗೆ ಹರಾಜಾಯಿತು. ಕರೆಂಟಿಗೋಸ್ಕರವೇ ಯಾರೂ ಕಸ ಸುಡಲ್ಲ. ಹತ್ತು ಲಾರಿ ಜಾಗ ಹಿಡಿಯೋ ಕಸವನ್ನು ಒಂದು ಲಾರಿ ಬೂದಿ ಮಾಡೋದೇ ನಿಜವಾದ ಕೆಲಸ, ಕರೆಂಟ್ ಅದರ ಕೊಸರು.

ಹಾಗಾದರೆ ಈ ಬೆಂಕಿಗೆ ಏನು ಹೋಗಬೇಕು?

2016ರ ಘನತ್ಯಾಜ್ಯ ನಿಯಮ ಇದಕ್ಕೆ ಉತ್ತರ ಕೊಟ್ಟಿತ್ತು. ಮರುಬಳಕೆಗೆ ಬಾರದ, ಕಿಲೋಗೆ 1,500 ಕಿಲೋಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಇರುವ ಕಸವನ್ನು ಭೂಮಿಗೆ ಹೂಳಬಾರದು, ಶಕ್ತಿ ತೆಗೆಯೋಕೇ ಬಳಸಬೇಕು ಅಂತ. ಇದರಲ್ಲಿ "ಮರುಬಳಕೆಗೆ ಬಾರದ" ಅನ್ನೋ ಎರಡು ಪದವನ್ನು ಗಟ್ಟಿಯಾಗಿ ಹಿಡ್ಕೋಬೇಕು. ನೀರಿನ ಬಾಟಲಿ, ರಟ್ಟು, ಹಾಲಿನ ಕವರ್, ಡಬ್ಬಿ, ಇವಕ್ಕೆಲ್ಲ ಕೊಳ್ಳೋರಿದ್ದಾರೆ. ಬೆಂಗಳೂರಿನ ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳಿವೆ, ಹಸಿರು ದಳದಂಥ ಸಂಸ್ಥೆಯ ಮೂಲಕ ಚಿಂದಿ ಆಯುತ್ತಿದ್ದವರೇ ಅಂಥ ಕೇಂದ್ರಗಳನ್ನು ನಡೆಸುವ ಹಂತಕ್ಕೆ ಬಂದಿದ್ದಾರೆ. ಅವರ ಅನ್ನ ಇರೋದು ಆ ಬಾಟಲಿಯಲ್ಲಿ, ಆ ರಟ್ಟಿನಲ್ಲಿ. ಚಿಪ್ಸ್ ಪ್ಯಾಕೆಟ್, ಬಿಸ್ಕೆಟ್ ಕವರ್, ಹರಿದ ಚಪ್ಪಲಿ, ಹಳೇ ದಿಂಬು, ಬಟ್ಟೆ ಚೂರು ಇವನ್ನು ಯಾವ ಗುಜರಿಯವರೂ ಮುಟ್ಟಲ್ಲ. ಇವು ಚೆನ್ನಾಗಿ ಉರಿಯುತ್ತವೆ. ಕುಲುಮೆಗೆ ಬೇಕಾದ್ದು ಇವೇ. ಇವನ್ನು ಜರಡಿ ಹಿಡಿದು, ಚೂರು ಮಾಡಿ, ಮೂಟೆ ಕಟ್ಟಿದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೂ ಆಗುತ್ತೆ.

ಇಲ್ಲಿ ಒಂದು ಇಕ್ಕಟ್ಟಿದೆ, ಅಣ್ಣ ಅದನ್ನೂ ಮುಚ್ಚಿಡಲಿಲ್ಲ. ಬಾಟಲಿಯೂ ರಟ್ಟೂ ಕೂಡ ಚೆನ್ನಾಗಿ ಉರಿಯುತ್ತವೆ, ಚಿಪ್ಸ್ ಪ್ಯಾಕೆಟ್ಟಿಗಿಂತ ಸಲೀಸು. ಕುಲುಮೆ ಮಂಕಾದ ದಿನ ಅದನ್ನು ನಡೆಸುವವರ ಕಣ್ಣು ಮೊದಲು ಬೀಳೋದು ಅವುಗಳ ಮೇಲೇ. ಹಸಿ ಕಸ ಬೆರೆತು ಬಂದಷ್ಟೂ ಅದನ್ನು ಸರಿದೂಗಿಸೋಕೆ ಗುಜರಿಗೆ ಹೋಗಬೇಕಾದ ಮಾಲನ್ನೂ ಬೆಂಕಿಗೆ ಹಾಕಬೇಕಾಗುತ್ತೆ. ನಾವು ಸಾರನ್ನ ಬೇರೆ ಇಡದೇ ಇದ್ದರೆ ಆಯುವವರ ತಟ್ಟೆಗೆ ಕೈ ಹಾಕಿದ ಹಾಗೆ, ನೇರವಾಗಿ ಅಲ್ಲ, ಸುತ್ತುಬಳಸಿ.

ಅಂಗಡಿ, ಹೋಟೆಲು, ಟೆಕ್ ಪಾರ್ಕುಗಳದ್ದು ಇನ್ನೊಂದು ಕಥೆ. ದಿನಕ್ಕೆ 100 ಕಿಲೋ ಮೇಲೆ ಕಸ ಮಾಡುವವರನ್ನು ಅದೇ ನಿಯಮ ದೊಡ್ಡ ಉತ್ಪಾದಕರು ಅಂತ ಬೇರೆ ಮಾಡಿತ್ತು. ಇಂಥವರ ಕಸ ಒಂದೇ ಥರ ಇರುತ್ತೆ. ನಿಮ್ಮ ಆಫೀಸಿನ ಕೆಫೆಟೇರಿಯಾ ನೋಡಿ, ಒಂದು ಕಡೆ ತಟ್ಟೆಯಲ್ಲಿ ಬಿಟ್ಟ ಅನ್ನ, ಇನ್ನೊಂದು ಕಡೆ ಪೇಪರ್ ಕಪ್ಪು. ಅನ್ನ ಬಯೋಗ್ಯಾಸಿಗೆ ಹೇಳಿ ಮಾಡಿಸಿದ್ದು, ನೀರಿದ್ದಷ್ಟೂ ಬಯೋಗ್ಯಾಸಿಗೆ ಅನುಕೂಲವೇ. ಬೆಂಕಿಗೆ ಶತ್ರುವಾದ ನೀರು ಅಲ್ಲಿ ನೆಂಟ. ಎರಡನ್ನೂ ಒಂದೇ ಕಪ್ಪು ಕವರಿಗೆ ಸುರಿದು ಗಂಟು ಹಾಕಿದ ಕ್ಷಣ ಎರಡೂ ಹಾಳು: ಗ್ಯಾಸಿಗೆ ಪ್ಲಾಸ್ಟಿಕ್ ಅಡ್ಡಿ, ಬೆಂಕಿಗೆ ಅನ್ನ ಅಡ್ಡಿ. ಮನೆಯಲ್ಲಿ ಬೇರೆ ಮಾಡೋ ಎಷ್ಟೋ ಜನ ಆಫೀಸಿನಲ್ಲಿ ಹೀಗೆ ಮಾಡಲ್ಲ ಅನ್ನೋದು ನನಗೆ ಇನ್ನೂ ಅರ್ಥವಾಗದ ಒಗಟು.

ಸಭೆ ನಡೆಯಿತು. ನಾನು ಈ 550ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಶೆಡ್ಡಿನ ಇಬ್ಬರಲ್ಲಿ ಹಿರಿಯರು ಬಂದು ಆಡಿದ ಮಾತು. "ಒಣದು ಮಾರಿದ ದುಡ್ಡು ತಿಂಗಳು ತಿಂಗಳು ಆಫೀಸಿಗೆ ಕಟ್ತಾ ಇದೀವಲ್ಲ ಸಾರ್, ಅದು ಲೆಕ್ಕದಲ್ಲಿ ಐತಾ?" ಲೆಕ್ಕದಲ್ಲಿ ಇರಲಿಲ್ಲ. ಅದನ್ನೂ ಸೇರಿಸಿ ನೋಡಿದಾಗ ಉಳಿತಾಯ ಅಂತ ತೋರಿಸಿದ್ದು ಅರ್ಧಕ್ಕಿಳಿಯಿತು. ನಾಲ್ಕನೇ ಅಂಶ ಬಿತ್ತು, ಆದರೆ ಮೂರೇ ಮತಗಳ ಅಂತರದಲ್ಲಿ. ಮುಂದಿನ ವರ್ಷ ಮತ್ತೆ ಬಂದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ನಮ್ಮ ಗೇಟಿನ ಒಳಗಿನ ಮಾತು. ಬೆಂಕಿ ಉರಿಯೋದು ನಮ್ಮ ಗೇಟಿನ ಒಳಗಲ್ಲ.

ನನ್ನ ಸೋದರತ್ತೆ ಇರೋದು ರಾಮನಗರದ ಕಡೆ. ರೇಷ್ಮೆ, ಒಂದಿಷ್ಟು ರಾಗಿ, ಎರಡು ಹಸು. ಕಸದ ಘಟಕದ ಸುದ್ದಿ ಟೀವಿಯಲ್ಲಿ ನೋಡಿ ಫೋನ್ ಮಾಡಿದ್ದರು. "ಏನವ್ವಾ, ನಿಮ್ಮ ಕಸ ಸುಟ್ಟ ಹೊಗೆ ನಮ್ಮ ಕಡೀಕೆ ಬತ್ತದಾ? ಹಿಪ್ಪುನೇರಳೆ ಸೊಪ್ಪಿನ ಮ್ಯಾಲೆ ಕೂತ್ರೆ ಹುಳ ತಿಂತದಾ?"

ರೇಷ್ಮೆ ಹುಳು ಸೊಪ್ಪಿನ ಮೇಲಿನ ಸಣ್ಣ ವಿಷವನ್ನೂ ತಡೆಯಲ್ಲ, ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೇ ಹುಳು ಸಾಯುತ್ತೆ. ಅತ್ತೆ ಕೇಳಿದ್ದು ತಮಾಷೆಯ ಪ್ರಶ್ನೆ ಅಲ್ಲ. ಅವರಿಗೆ ಮಂಡೂರಿನ ನೆನಪಿದೆ. ವರ್ಷಗಟ್ಟಲೆ ಬೆಂಗಳೂರಿನ ಕಸ ಹೊತ್ತ ಆ ಊರಿನವರು ಧರಣಿ ಕೂತು ಕೂತು 2014ರ ಕೊನೆಗೆ ಲಾರಿ ನಿಲ್ಲಿಸಿಕೊಂಡರು. ಅಲ್ಲೂ ಕಸದಿಂದ ಕರೆಂಟ್ ಮಾಡ್ತೀವಿ ಅನ್ನೋ ಮಾತಿತ್ತು, ಕರೆಂಟ್ ಬರಲಿಲ್ಲ. ದೆಹಲಿಯ ಓಖ್ಲಾ ಘಟಕ 2012ರಿಂದ ನಡೆದೂ ಪಕ್ಕದ ಸುಖದೇವ್ ವಿಹಾರದವರು ಹೊಗೆ, ಬೂದಿ ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆದರು.

ಅತ್ತೆಗೆ ನಾನು ಹೇಳಿದ್ದು ಇದು. ಕುಲುಮೆಯಿಂದ ಹೊರಟ ಹೊಗೆ ನೇರವಾಗಿ ಚಿಮಣಿಗೆ ಹೋಗಬಾರದು. ಮೊದಲು ಅಮೋನಿಯಾ ಅಥವಾ ಯೂರಿಯಾ ಚಿಮುಕಿಸಿ ನೈಟ್ರೋಜನ್ ಆಕ್ಸೈಡ್ ಇಳಿಸ್ತಾರೆ. ಸುಣ್ಣ ಊದಿ ಆಮ್ಲವನ್ನು ಹಿಡೀತಾರೆ. ಇದ್ದಿಲ ಪುಡಿ ಊದಿ ಪಾದರಸ, ಡಯಾಕ್ಸಿನ್ ಹೀರಿಸ್ತಾರೆ. ಕೊನೆಗೆ ಸಾಲು ಸಾಲು ಬಟ್ಟೆಯ ಚೀಲಗಳ ಮೂಲಕ ಹೊಗೆಯನ್ನು ಸೋಸ್ತಾರೆ, ಕಾಫಿ ಸೋಸಿದ ಹಾಗೆ. ಡಯಾಕ್ಸಿನ್‌ಗೆ 2016ರ ನಿಯಮದ ಮಿತಿ ಒಂದು ಘನ ಮೀಟರ್ ಹೊಗೆಗೆ 0.1 ನ್ಯಾನೋಗ್ರಾಂ, ಯುರೋಪಿನ ಮಿತಿಯೂ ಅಷ್ಟೇ. ಕಾಗದದ ಮೇಲೆ ನಾವು ಯಾರಿಗೂ ಕಡಿಮೆ ಇಲ್ಲ.

"ಹಂಗಾರೆ ಬರಾಕಿಲ್ಲ ಅನ್ನು" ಅಂದರು ಅತ್ತೆ.

ಹಾಗೂ ಹೇಳೋಕಾಗಲ್ಲ ಅತ್ತೆ, ಅಂದೆ. ದೂಳು, ಸಲ್ಫರ್ ಡೈಆಕ್ಸೈಡ್‌ನಂಥವನ್ನು ಯಂತ್ರ ಗಳಿಗೆ ಗಳಿಗೆಗೂ ಅಳೆಯುತ್ತೆ. ಡಯಾಕ್ಸಿನ್ ಹಾಗಲ್ಲ, ಹೊಗೆಯ ಮಾದರಿ ಹಿಡಿದು ಲ್ಯಾಬಿಗೆ ಕಳಿಸಬೇಕು, ಅದು ಯಾವಾಗಲೋ ಒಮ್ಮೆ ನಡೆಯೋ ಕೆಲಸ. ಮಾದರಿ ಹಿಡಿದ ದಿನ ಕಸ ಒಣಗಿತ್ತಾ, ಚೀಲ ಹರಿದಿತ್ತಾ ಅನ್ನೋದರ ಮೇಲೆ ಆ ಅಂಕಿ ನಿಂತಿರುತ್ತೆ. ಒದ್ದೆ ಕಸ ಬಂದ ದಿನ ಬೆಂಕಿ 850ರ ಕೆಳಗೆ ಜಾರುತ್ತೆ, ಆಗ ಡೀಸೆಲ್ ಹಾಕಿಯಾದರೂ ಉರಿ ಎಬ್ಬಿಸಬೇಕು. ಡೀಸೆಲ್ಲಿಗೆ ದುಡ್ಡು ಬೇಕು. ಆ ದುಡ್ಡು ಉಳಿಸಿದರೆ ಯಾರಿಗೆ ಗೊತ್ತಾಗುತ್ತೆ? ಗೇಟಿನ ಮುಂದೆ ದೊಡ್ಡ ಬೋರ್ಡಿನಲ್ಲಿ ಆವತ್ತಿನ ಅಂಕಿಗಳು ಕನ್ನಡದಲ್ಲಿ ಓಡ್ತಾ ಇರಬೇಕು, ಡಯಾಕ್ಸಿನ್ ವರದಿ ಪಂಚಾಯಿತಿಗೆ ತಲುಪಬೇಕು. ಅದನ್ನು ನೀವು ಕೇಳಿ, ಇಲ್ಲಿಂದ ನಾವೂ ಕೇಳ್ತೀವಿ ಅಂದೆ. ಕಸ ನಮ್ಮದಲ್ವಾ.

ಹಾಗಂತ ಇದನ್ನು ಓದಿ ಬೀದಿ ಮೂಲೆಯಲ್ಲೇ ಎಲೆ, ಪ್ಲಾಸ್ಟಿಕ್ ಸೇರಿಸಿ ಬೆಂಕಿ ಹಚ್ಚೋದು ವಾಸಿ ಅಂದ್ಕೋಬೇಡಿ. ಅಲ್ಲಿ 850 ಡಿಗ್ರಿಯೂ ಇಲ್ಲ, ಸುಣ್ಣವೂ ಇಲ್ಲ, ಚೀಲವೂ ಇಲ್ಲ. ಕೆಟ್ಟದಾಗಿ ನಡೆಯೋ ಘಟಕಕ್ಕಿಂತಲೂ ಅದು ಕೆಟ್ಟದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿದೆ.

ಅತ್ತೆ ಮುಂದಿನ ಪ್ರಶ್ನೆಗೆ ಬಂದಿದ್ದರು. ಒಲೆ ಉರಿಸಿದವರಿಗೆ ತಾನಾಗಿ ಬರೋ ಪ್ರಶ್ನೆ ಅದು. "ಬೂದಿ ಎಲ್ಲಿ ಹಾಕ್ತಾರವ್ವಾ?"

ಬೂದಿ ಎರಡು ಥರ. ಜಾಲರಿಯ ಕೊನೆಯಲ್ಲಿ ನೀರಿಗೆ ಬೀಳೋದು ತಳಬೂದಿ. ತೂಕದಲ್ಲಿ ಕಸದ ಐದನೇ ಒಂದು ಪಾಲಿನಿಂದ ಕಾಲು ಪಾಲಿನವರೆಗೆ ಇರುತ್ತೆ, ಮಣ್ಣು ಬೆರೆತ ಕಸವಾದರೆ ಇನ್ನೂ ಹೆಚ್ಚು. ಇದರಲ್ಲಿರೋ ಕಬ್ಬಿಣವನ್ನು ಅಯಸ್ಕಾಂತದಲ್ಲಿ ಎತ್ತಿ, ಅಲ್ಯೂಮಿನಿಯಂ ಬೇರೆ ಮಾಡಿ, ಉಳಿದದ್ದನ್ನು ಯುರೋಪಿನ ಕೆಲವು ದೇಶಗಳಲ್ಲಿ ರಸ್ತೆಯ ತಳಕ್ಕೆ ಹಾಕ್ತಾರೆ. ಇನ್ನೊಂದು ಹಾರುಬೂದಿ, ಚೀಲಗಳಲ್ಲಿ ಸಿಕ್ಕಿದ್ದು. ಹೊಗೆಯಿಂದ ತೆಗೆದ ವಿಷವೆಲ್ಲ ಅದರಲ್ಲೇ ಇರುತ್ತೆ. ಪ್ರಮಾಣ ಕಡಿಮೆ, ನೂರಕ್ಕೆ ಎರಡರಿಂದ ಐದು. ಅದನ್ನು ಅಪಾಯಕಾರಿ ತ್ಯಾಜ್ಯ ಅಂತಲೇ ನೋಡಿ, ತಳಕ್ಕೆ ಹಾಳೆ ಹಾಸಿದ ಬೇರೆ ಗುಂಡಿಯಲ್ಲಿ ಮುಚ್ಚಬೇಕು.

600 ಟನ್ ಕಸಕ್ಕೆ ತಳಬೂದಿಯೇ 120ರಿಂದ 150 ಟನ್. 15 ಟನ್ ಹೊರುವ ಲಾರಿಯಾದರೆ ದಿನಕ್ಕೆ ಎಂಟರಿಂದ ಹತ್ತು ಲಾರಿ. ಘಟಕದಿಂದ ಹೊರಗೆ.

"ಹತ್ತು ಲಾರಿ," ಅಂದರು ಅತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಯಾವ ಊರಿನ ದಾರೀಲಿ ಹೋಯ್ತದೆ ಅಂತ ಕೇಳಿ ಹೇಳವ್ವಾ, ನಾನು ನಾಳೀಕೆ ಗ್ರಾಮಸಭೆಗೆ ಹೋಗ್ತಾ ಇವ್ನಿ" ಅಂದರು.